ಒಳಗಿನ ಹುರುಪು, ಹೊರಗಿನ ಹುಕುಂ

ಬೆಳಗಿನ ಹೊತ್ತು ಹಲಸೂರಿನಿಂದ ಹಳೇ ಮದರಾಸು ರಸ್ತೆ ಹಿಡಿದು ಕೃಷ್ಣರಾಜಪುರದ ಕಡೆಗೆ ಹೊರಟರೆ ಎಷ್ಟು ಬಗೆಯ ಕೆಲಸಗಾರರು ಎದುರಾಗುತ್ತಾರೆ! ಕಾರ್ಖಾನೆಗೆ ಹೋಗುವವರು, ಕಚೇರಿಗೆ ಹೋಗುವವರು, ಶಾಲೆಯ ಉಪಾಧ್ಯಾಯಿನಿಯರು, ಹೂವಿನ ಬುಟ್ಟಿ ಹೊತ್ತವರು, ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂರುವ ತರುಣರು. ಇವರಲ್ಲಿ ಬಹುಮಂದಿಗೆ ಒಬ್ಬ ಮೇಲ್ವಿಚಾರಕನಿದ್ದಾನೆ. ಆ ಮೇಲ್ವಿಚಾರಕನಿಗೆ ಇನ್ನೊಬ್ಬ ಮೇಲ್ವಿಚಾರಕನಿದ್ದಾನೆ. ಓದುಗರೇ, ತಾವೂ ಅಂಥವರಲ್ಲಿ ಒಬ್ಬರಾಗಿರಬಹುದು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿರಬಹುದು, ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಆಗಿರಬಹುದು, ಬಡಾವಣೆಯ ಗಣೇಶೋತ್ಸವ ಸಮಿತಿಯ ಕಾರ್ಯದರ್ಶಿ ಆಗಿರಬಹುದು. ಏನೂ ಅಲ್ಲದಿದ್ದರೆ, ಮನೆಯಲ್ಲಿ ಮಕ್ಕಳನ್ನು ಪಾಠಕ್ಕೆ ಕೂರಿಸುವ ಹೊಣೆಯಾದರೂ ತಮ್ಮ ಮೇಲೆ ಬಿದ್ದಿರುತ್ತದೆ. ಆಗ ಎಲ್ಲರ ಮುಂದೆಯೂ ನಿಲ್ಲುವ ಪ್ರಶ್ನೆ ಒಂದೇ: ಈ ಜನರಿಂದ ಕೆಲಸ ತೆಗೆಯುವುದು ಹೇಗೆ?

ನಮ್ಮ ಹಿರಿಯರು ಇದಕ್ಕೆ ನಾಲ್ಕು ಉಪಾಯಗಳನ್ನು ಹೇಳಿದ್ದಾರೆ: ಸಾಮ, ದಾನ, ಭೇದ, ದಂಡ. ಒಳ್ಳೆಯ ಮಾತು ಆಡು, ಏನಾದರೂ ಕೊಡು, ಒಬ್ಬರನ್ನೊಬ್ಬರಿಂದ ಬೇರ್ಪಡಿಸು, ಕೊನೆಗೆ ಶಿಕ್ಷಿಸು. ಆದರೆ ಈ ನಾಲ್ಕೂ ಎದುರಾಳಿಯನ್ನು ವಶಮಾಡಿಕೊಳ್ಳಲು ಹುಟ್ಟಿದ ಉಪಾಯಗಳೆಂಬುದನ್ನು ನಾವು ಮರೆಯುತ್ತೇವೆ. ಜೊತೆಯಲ್ಲಿ ಕೆಲಸಮಾಡುವವನು ಎದುರಾಳಿಯಲ್ಲ. ಬಾವಿಯಲ್ಲಿ ಸೆಲೆ ಇದ್ದರೆ ನೀರು ತಾನಾಗಿ ಮೇಲೇರುತ್ತದೆ. ಸೆಲೆ ಮುಚ್ಚಿಹೋಗಿದ್ದರೆ ಹಗ್ಗವನ್ನು ಎಷ್ಟು ಜಗ್ಗಿದರೂ ಬರುವುದು ಕೆಸರೇ. ಜನರನ್ನು ನಡೆಸುವವನು ಮೊದಲು ತಿಳಿಯಬೇಕಾದದ್ದು ಈ ಸೆಲೆಯ ವಿಚಾರ.

ಎರಡು ಬಗೆಯ ಪ್ರೇರಣೆ

ಮನುಷ್ಯ ಒಂದು ಕೆಲಸವನ್ನು ಎರಡು ಕಾರಣಗಳಿಂದ ಮಾಡುತ್ತಾನೆ. ಸಂಬಳ, ಬಡ್ತಿ, ಬಹುಮಾನ, ಬೈಗುಳದ ಭಯ, ಇವೆಲ್ಲ ಹೊರಗಿನ ಪ್ರೇರಣೆಗಳು. ಕೆಲಸದಲ್ಲೇ ಸಿಕ್ಕುವ ಸಂತೋಷ, ಕೈ ಪಳಗಿತೆಂಬ ಹೆಮ್ಮೆ, ಇದರಿಂದ ನಾಲ್ಕು ಜನಕ್ಕೆ ಉಪಯೋಗವಾಯಿತೆಂಬ ನೆಮ್ಮದಿ, ಇವು ಒಳಗಿನವು. ಕನ್ನಡದ ಬಳಕೆಯೇ ಈ ಭೇದವನ್ನು ಬಲ್ಲದು. ಕೂಲಿ ಎಂಬ ಮಾತಿಗೂ ಕಸುಬು ಎಂಬ ಮಾತಿಗೂ ಕಾಯಕ ಎಂಬ ಮಾತಿಗೂ ನಾವು ಒಂದೇ ಅರ್ಥ ಹಚ್ಚುವುದಿಲ್ಲ.

ರೇಡಿಯೋ ಕೇಳುವ ಮನೆಗಳಿಗೆ ಈ ವಿಷಯದಲ್ಲಿ ದೂರದ ಉದಾಹರಣೆ ಬೇಡ. ೧೯೩೫ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ೩೦ ವಾಟ್‌ನ ಸಣ್ಣ ಪ್ರೇಷಕಯಂತ್ರವೊಂದನ್ನು ನಿಲ್ಲಿಸಿ ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಆ ಮನೆಯಿಂದ. ಹಾಗೆ ಮಾಡೆಂದು ಅವರಿಗೆ ಯಾರೂ ಹುಕುಂ ಕೊಟ್ಟಿರಲಿಲ್ಲ. ಮನಸ್ಸನ್ನು ಕುರಿತು ಪಾಠ ಹೇಳುತ್ತಿದ್ದವರೇ ಮನಸ್ಸಿನ ಒಳಗಿನ ಚಾಲನೆಗೆ ದೃಷ್ಟಾಂತವಾದರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ‘ತಾವು ಏಕೆ ದುಡಿಯುತ್ತೀರಿ?’ ಎಂದು ಯಾರನ್ನಾದರೂ ಕೇಳಿ. ‘ಕೆಲಸ ಕಲಿಯಬೇಕು, ನಾಲ್ಕು ಜನರಿಂದ ಸೈ ಎನಿಸಿಕೊಳ್ಳಬೇಕು’ ಎಂಬ ಉತ್ತರ ಬರುತ್ತದೆ. ‘ನಿಮ್ಮ ಕೈಕೆಳಗಿನವರು ಏಕೆ ದುಡಿಯುತ್ತಾರೆ?’ ಎಂದು ಕೇಳಿದರೆ, ‘ಇನ್ನೇನು, ದುಡ್ಡಿಗೆ!’ ಎನ್ನುತ್ತಾರೆ. ಅಮೆರಿಕದ ವಿದ್ವಾಂಸ ಚಿಪ್ ಹೀತ್ ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿತು: ಜನ ತಮ್ಮನ್ನು ಅಳೆಯುವ ಕೋಲು ಒಂದು, ಇತರರನ್ನು ಅಳೆಯುವ ಕೋಲು ಇನ್ನೊಂದು. ಮುಖಂಡತನ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ತನಗೆ ಮಾನ ಬೇಕು, ಅವರಿಗೆ ಕಾಸು ಸಾಕು ಎಂದು ಬಗೆದವನು ಕಾಸಿಗೆ ಸರಿಯಾದಷ್ಟೇ ಕೆಲಸವನ್ನು ಪಡೆಯುತ್ತಾನೆ.

ಗುಜರಿಯಿಂದ ಎದ್ದ ವಿಮಾನಗಳು

ನಮ್ಮ ಪೂರ್ವ ಬೆಂಗಳೂರಿನಲ್ಲೇ ನಡೆದ ಒಂದು ಸಂಗತಿಯನ್ನು ನೋಡೋಣ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ೧೯೪೦ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಲಿಬರೇಟರ್ ಎಂಬ ಭಾರಿ ಬಾಂಬರ್ ವಿಮಾನಗಳು ರಾಶಿಯಾಗಿ ಬಿದ್ದಿದ್ದವು. ಅಮೆರಿಕದಿಂದ ಕರಾರಿನ ಮೇಲೆ ಬಂದಿದ್ದ ಅವು ಮತ್ತೆ ಹಾರಬಾರದೆಂದು ಅವುಗಳನ್ನು ಬೇಕೆಂದೇ ಜಖಂಗೊಳಿಸಿ ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತದ ವಾಯುಸೇನೆಗೆ ಭಾರಿ ಬಾಂಬರುಗಳು ಬೇಕಾಗಿದ್ದವು. ಕೊಳ್ಳಲು ಹಣ ಸುಲಭವಾಗಿರಲಿಲ್ಲ. ಬೆಂಗಳೂರಿನ ಈ ಕಾರ್ಖಾನೆಯ ಕುಶಲಿಗಳು ಆ ರಾಶಿಯ ನಡುವೆ ನಿಂತು, ಒಂದರ ಅಂಗವನ್ನು ಇನ್ನೊಂದಕ್ಕೆ ಕೂಡಿಸಿ, ಒಂದು ಪ್ರಯಾಣಕ್ಕೆ ಸಾಕಾಗುವಷ್ಟು ಅವನ್ನು ಸರಿಪಡಿಸಿದರು. ಕಾರ್ಖಾನೆಯ ವಿಮಾನಚಾಲಕ ಜಮ್‌ಷೆಡ್ ಮುನ್ಷಿಯವರು ಅಂಥ ೪೨ ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿಯಾಗಿ ದುರಸ್ತಿಯಾದ ಲಿಬರೇಟರುಗಳು ೧೯೪೮ರ ನವೆಂಬರಿನಲ್ಲಿ ವಾಯುಸೇನೆಯನ್ನು ಸೇರಿ, ೧೯೬೮ರವರೆಗೂ ಸೇವೆಯಲ್ಲಿದ್ದವು.

ಅದೇ ಕಾರ್ಖಾನೆಯಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರು ತರುಣ ಎಂಜಿನಿಯರುಗಳ ತಂಡವೊಂದನ್ನು ಕಟ್ಟಿ, ಎಚ್‌ಟಿ-೨ ಎಂಬ ತರಬೇತಿ ವಿಮಾನವನ್ನು ರೂಪಿಸಿದರು. ಅದು ಮೊದಲ ಸಲ ಹಾರಿದ್ದು ೧೯೫೧ರ ಆಗಸ್ಟಿನಲ್ಲಿ. ಹಾರಿಸಿದವರು ಅದೇ ಮುನ್ಷಿಯವರು. ನೂರಕ್ಕೂ ಹೆಚ್ಚು ಎಚ್‌ಟಿ-೨ಗಳು ತಯಾರಾಗಿ, ಅನೇಕ ವರ್ಷಗಳ ಕಾಲ ನಮ್ಮ ವಾಯುಸೇನೆಯ ತರುಣರು ಅವುಗಳಲ್ಲಿ ಹಾರಾಟ ಕಲಿತರು.

ಈಗ ಯೋಚಿಸಿ. ಸಂಬಳದ ದಿನಗೂಲಿ ಲೆಕ್ಕ ಇಂಥ ಕೆಲಸವನ್ನು ಎಷ್ಟರಮಟ್ಟಿಗೆ ವಿವರಿಸೀತು? ಹಾಜರಿ ಪುಸ್ತಕ ಒಬ್ಬನನ್ನು ಹೊತ್ತಿಗೆ ಸರಿಯಾಗಿ ಬಾಗಿಲಿಗೆ ತರಬಲ್ಲದು. ಕೆಟ್ಟ ಎಂಜಿನಿನೊಳಗೆ ದೋಷ ಎಲ್ಲಿದೆಯೆಂದು ಹುಡುಕುವ ಕುತೂಹಲವನ್ನು ಅದು ತರಲಾರದು. ಶಿವಾಜಿನಗರದ ಗುಜರಿ ಅಂಗಡಿಗಳ ಸಾಲಿನಲ್ಲಿ ಹಳೆಯ ಮೋಟಾರಿನ ಭಾಗವೊಂದನ್ನು ಕೈಯಲ್ಲಿ ಹಿಡಿದು, ಇದು ಯಾವ ಗಾಡಿಗೆ ಕೂಡೀತೆಂದು ತಿರುಗಿಸಿ ತಿರುಗಿಸಿ ನೋಡುವ ಹುಡುಗನ ಕಣ್ಣುಗಳಲ್ಲೂ ಈ ಕುತೂಹಲವನ್ನೇ ಕಾಣಬಹುದು.

ದೂರವಾಣಿಯ ಕಾರ್ಖಾನೆ ಹೇಳಿದ ಪಾಠ

ಕೃಷ್ಣರಾಜಪುರದ ಪಕ್ಕದ ದೂರವಾಣಿನಗರಕ್ಕೆ ಆ ಹೆಸರು ಬಂದದ್ದು ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ. ಕೆಲಸಗಾರರ ಮನಸ್ಸನ್ನು ಕುರಿತ ಜಗತ್ಪ್ರಸಿದ್ಧ ಪ್ರಯೋಗವೊಂದು ನಡೆದದ್ದೂ ಇಂಥದೇ ಇನ್ನೊಂದು ಕಾರ್ಖಾನೆಯಲ್ಲಿ: ಅಮೆರಿಕದ ಷಿಕಾಗೋ ನಗರದ ಬಳಿ, ದೂರವಾಣಿ ಸಲಕರಣೆಗಳನ್ನು ಮಾಡುತ್ತಿದ್ದ ಹಾಥಾರ್ನ್ ಕಾರ್ಖಾನೆಯಲ್ಲಿ. ೧೯೨೭ರಿಂದ ಕೆಲವು ವರ್ಷಗಳ ಕಾಲ ಅಲ್ಲಿ ರಿಲೇ ಎಂಬ ಸಣ್ಣ ಭಾಗಗಳನ್ನು ಜೋಡಿಸುತ್ತಿದ್ದ ಐವರು ಯುವತಿಯರನ್ನೂ ಅವರಿಗೆ ಬಿಡಿಭಾಗ ಒದಗಿಸುವ ಒಬ್ಬಳನ್ನೂ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿದರು. ನಡುನಡುವೆ ವಿರಾಮ ಕೊಟ್ಟರು, ತಿಂಡಿ ಕೊಟ್ಟರು, ಕೆಲಸದ ಹೊತ್ತನ್ನು ಕಡಿಮೆ ಮಾಡಿದರು; ಉತ್ಪಾದನೆ ಏರಿತು. ಆಮೇಲೆ ಆ ಸೌಲಭ್ಯಗಳನ್ನು ಹಿಂದಕ್ಕೆ ತೆಗೆದುಕೊಂಡರೂ ಉತ್ಪಾದನೆ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ತಮ್ಮ ಅಭಿಪ್ರಾಯವನ್ನು ಕೇಳುವವರಿದ್ದಾರೆ, ತಮ್ಮದೊಂದು ಗುಂಪಿದೆ ಎಂಬ ಭಾವನೆ ಇದಕ್ಕೆ ಕಾರಣವೆಂದು ಪ್ರೊಫೆಸರ್ ಎಲ್ಟನ್ ಮೇಯೋ ಮೊದಲಾದವರು ಅರ್ಥಮಾಡಿದರು.

ಅನಂತರದ ವಿದ್ವಾಂಸರು ಇದಕ್ಕೆ ತಕರಾರು ಎತ್ತಿದ್ದಾರೆಂಬುದನ್ನೂ ಹೇಳಬೇಕು. ಆ ಯುವತಿಯರಿಗೆ ತಮ್ಮ ಸಣ್ಣ ಗುಂಪಿನ ಕೆಲಸಕ್ಕೆ ತಕ್ಕಂತೆ ಕೂಲಿ ದೊರೆಯುವ ಏರ್ಪಾಡಾಗಿತ್ತು. ನಡುವೆ ಇಬ್ಬರನ್ನು ಬದಲಿಸಲಾಗಿತ್ತು. ಆದ್ದರಿಂದ ಗಮನ ಕೊಟ್ಟ ಮಾತ್ರಕ್ಕೆ ಎಲ್ಲವೂ ಆಯಿತೆಂದು ಹೇಳಲಾಗದು. ಆದರೆ ಕೆಲಸಗಾರನು ಯಂತ್ರದ ಒಂದು ಹಲ್ಲಲ್ಲ, ಅವನನ್ನು ಕೇಳಿ ನೋಡಬೇಕು ಎಂಬ ವಿಚಾರ ಅಲ್ಲಿಂದ ಮುಂದಕ್ಕೆ ಕಾರ್ಖಾನೆಗಳೊಳಗೆ ಕಾಲಿಟ್ಟಿತು.

ಬಹುಮಾನವೇ ಭಾರವಾದಾಗ

ಮನೆಯಲ್ಲಿ ಮಕ್ಕಳಿರುವವರು ಮುಂದಿನ ಸಂಗತಿಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ೧೯೭೩ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ವಿದ್ವಾಂಸರು ಶಿಶುವಿಹಾರವೊಂದರಲ್ಲಿ ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಪ್ರಾಣವೆನ್ನುವ ಮಕ್ಕಳನ್ನು ಆರಿಸಿದರು. ಕೆಲವು ಮಕ್ಕಳಿಗೆ ‘ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರಗಳ ಅನಂತರ, ಆಟದ ಹೊತ್ತಿನಲ್ಲಿ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದರು. ಪ್ರಶಸ್ತಿಗಾಗಿಯೇ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಆಟವಾಗಿದ್ದದ್ದು ಅವರ ಪಾಲಿಗೆ ಕೂಲಿಯಾಗಿಹೋಗಿತ್ತು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದ ಮಕ್ಕಳ ಆಸಕ್ತಿ ಕುಗ್ಗಿರಲಿಲ್ಲ.

ಇದಕ್ಕೆ ಎರಡು ವರ್ಷ ಮೊದಲು, ೧೯೭೧ರಲ್ಲಿ, ಎಡ್ವರ್ಡ್ ಡೀಸಿ ಎಂಬುವರು ಕಾಲೇಜಿನ ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟುಗಳನ್ನು ಕೊಟ್ಟು ಇಂಥದೇ ಫಲವನ್ನು ಕಂಡಿದ್ದರು. ಒಗಟಿಗೆ ಒಂದು ಡಾಲರಿನಂತೆ ಹಣ ಪಡೆದವರು, ಹಣ ನಿಂತ ಮೇಲೆ ಬಿಡುವಿನ ಹೊತ್ತಿನಲ್ಲಿ ಅದನ್ನು ಮುಟ್ಟುವುದು ಕಡಿಮೆಯಾಯಿತು. ಆದರೆ ‘ಚೆನ್ನಾಗಿ ಬಿಡಿಸಿದಿರಿ’ ಎಂಬ ಬಾಯಿಮಾತಿನ ಮೆಚ್ಚಿಕೆ ಆಸಕ್ತಿಯನ್ನು ಕುಗ್ಗಿಸಲಿಲ್ಲ.

ಹಾಗಾದರೆ ಬಹುಮಾನವನ್ನೇ ಕೊಡಬಾರದೆ? ಹಾಗಲ್ಲ. ಬೇಸರದ ಕೆಲಸಕ್ಕೆ ಬಹುಮಾನ ಒಂದಿಷ್ಟು ಎಣ್ಣೆ ಹಾಕುತ್ತದೆ. ಕೆಲಸ ಮುಗಿದ ಮೇಲೆ ಬರುವ ಅನಿರೀಕ್ಷಿತ ಉಡುಗೊರೆ ಮೆಚ್ಚಿಕೆಯ ಗುರುತಾಗುತ್ತದೆ. ಆದರೆ ತಾನಾಗಿ ಪುಸ್ತಕ ಹಿಡಿಯುವ ಮಗುವಿಗೆ ‘ಪುಟಕ್ಕಿಷ್ಟು’ ಎಂದು ದರ ಕಟ್ಟಬೇಡಿ. ದರ ಕಟ್ಟಿದ ದಿನದಿಂದ ಅದು ಪುಟಗಳನ್ನು ಎಣಿಸುತ್ತದೆ, ಓದುವುದಿಲ್ಲ.

ಮೂರು ಹಸಿವುಗಳು

ಡೀಸಿ ಮತ್ತು ಅವರ ಜೊತೆಗಾರ ರಿಚರ್ಡ್ ರಯಾನ್ ಮುಂದೆ ಬಹುಕಾಲ ದುಡಿದು, ಮನುಷ್ಯನ ಒಳಗಿನ ಹುರುಪಿಗೆ ಮೂರು ಆಹಾರಗಳು ಬೇಕೆಂದು ಹೇಳಿದರು.

ಮೊದಲನೆಯದು ಸ್ವಾತಂತ್ರ್ಯ. ಮನಬಂದಂತೆ ನಡೆಯುವುದೆಂದು ಇದರ ಅರ್ಥವಲ್ಲ. ‘ಇದು ನಾನೇ ಒಪ್ಪಿ ಮಾಡಿದ್ದು’ ಎಂಬ ಭಾವನೆ. ಉತ್ಸವ ಸಮಿತಿಯ ಹುಡುಗರಿಗೆ ‘ಇಂಥ ಬಣ್ಣದ ಬಟ್ಟೆ, ಇಷ್ಟೇ ಮೊಳ, ಹೀಗೇ ಕಟ್ಟಿ’ ಎಂದರೆ ಅವರು ಕಟ್ಟುತ್ತಾರೆ, ಸಂಜೆಯಾದೊಡನೆ ಮನೆಗೆ ಹೋಗುತ್ತಾರೆ. ‘ಇಷ್ಟು ಹಣವಿದೆ, ಮಳೆ ಬಂದರೂ ಪೆಂಡಾಲು ನಿಲ್ಲಬೇಕು, ಹೇಗೆಂದು ನೀವೇ ಹೇಳಿ’ ಎಂದರೆ ರಾತ್ರಿ ಹತ್ತಾದರೂ ಅಲ್ಲೇ ಇರುತ್ತಾರೆ.

ಎರಡನೆಯದು ಸಾಮರ್ಥ್ಯ. ನಿನ್ನೆ ಬಾರದ್ದು ಇಂದು ಕೈಗೆ ಬಂತೆಂಬ ಸಂತೋಷ. ಕೆಲಸ ತೀರ ಸುಲಭವಾದರೆ ಬೇಸರ, ತೀರ ಕಷ್ಟವಾದರೆ ಅಂಜಿಕೆ. ಗ್ಯಾರೇಜಿನ ಮೇಸ್ತ್ರಿ ಹುಡುಗನಿಗೆ ವರ್ಷವೆಲ್ಲ ಚಕ್ರದ ತಿರುಪು ಬಿಚ್ಚುವುದನ್ನೇ ಕೊಟ್ಟರೆ ಅವನು ಕೈಚಳಕವನ್ನಲ್ಲ, ಕಳ್ಳಬೀಳುವುದನ್ನು ಕಲಿಯುತ್ತಾನೆ. ತಿಂಗಳಿಗೊಂದು ಹೊಸ ಕೆಲಸ ಕೊಟ್ಟು, ತಪ್ಪಿದ ಕಡೆ ಬೈಯದೆ ತೋರಿಸಿದರೆ ಅವನೇ ಮುಂದಿನ ಮೇಸ್ತ್ರಿ.

ಮೂರನೆಯದು ಬಾಂಧವ್ಯ. ತನ್ನನ್ನು ಬಲ್ಲವರ ನಡುವೆ ತಾನಿದ್ದೇನೆ, ತನ್ನ ಕೆಲಸ ಯಾರಿಗೋ ಬೇಕಾಗಿದೆ ಎಂಬ ನಂಬಿಕೆ. ಬೆಂಗಳೂರು ದಂಡಿನ ಭಾಗದಲ್ಲಿ ಒಂದೇ ಬೆಂಚಿನ ಮೇಲೆ ಕನ್ನಡ, ತಮಿಳು, ಉರ್ದು, ತೆಲುಗು ಮಾತಾಡುವವರು ಪಕ್ಕಪಕ್ಕ ಕೂತು ಕೆಲಸಮಾಡುತ್ತಾರೆ. ಅಲ್ಲಿ ಹೆಸರನ್ನು ಸರಿಯಾಗಿ ಕರೆಯುವುದು, ಹಬ್ಬದ ದಿನ ವಿಚಾರಿಸುವುದು, ಮನೆಯಲ್ಲಿ ಕಾಯಿಲೆಯಿದ್ದರೆ ತಿಳಿದಿರುವುದು ಸಣ್ಣ ಸಂಗತಿಗಳಲ್ಲ.

ಸಂಬಳದ ಮಾತು ಮರೆಯಬಾರದು

ಇಷ್ಟು ಓದಿ ಯಾರಾದರೂ ಯಜಮಾನರು ‘ಹಾಗಾದರೆ ಸಂಬಳ ಏರಿಸಬೇಕಾಗಿಲ್ಲ, ಬೆನ್ನು ತಟ್ಟಿದರೆ ಸಾಕು’ ಎಂದುಕೊಂಡರೆ ಅದು ದೊಡ್ಡ ಅನರ್ಥ. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಕಾಯಕದ ಮಹಿಮೆಯನ್ನು ಉಪದೇಶಿಸುವುದು ಅಪಹಾಸ್ಯವೇ ಸರಿ. ೧೯೮೦ರ ಡಿಸೆಂಬರಿನಿಂದ ೧೯೮೧ರ ಮಾರ್ಚಿಯವರೆಗೆ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಮೊದಲಾದ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರು ವೇತನದ ಪ್ರಶ್ನೆಯನ್ನು ಮುಂದಿಟ್ಟು ೭೭ ದಿನ ಮುಷ್ಕರ ಹೂಡಿದರು. ವಿಮಾನವನ್ನು ಎಬ್ಬಿಸಿದ ಹೆಮ್ಮೆಯ ಪರಂಪರೆಯೂ ಕೂಡಿ ಕಟ್ಟಿದ ಟೌನ್‌ಶಿಪ್ಪಿನ ಬಾಂಧವ್ಯವೂ ಅಲ್ಲಿದ್ದವು. ಆದರೂ ‘ನಮಗೆ ನ್ಯಾಯವಾಗಿಲ್ಲ’ ಎಂಬ ಭಾವನೆ ಬಂದಾಗ ಅವಷ್ಟೇ ಸಾಲಲಿಲ್ಲ.

ಫ್ರೆಡರಿಕ್ ಹರ್ಜ್‌ಬರ್ಗ್ ೧೯೫೯ರಲ್ಲಿ ಹೇಳಿದ್ದು ಇಲ್ಲಿ ಉಪಯುಕ್ತ. ಅವರು ಸುಮಾರು ೨೦೦ ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ‘ಕೆಲಸದಲ್ಲಿ ಅತ್ಯಂತ ಸಂತೋಷಪಟ್ಟದ್ದು ಎಂದು? ಅತ್ಯಂತ ಬೇಸತ್ತದ್ದು ಎಂದು?’ ಎಂದು ವಿಚಾರಿಸಿದರು. ಬೇಸರದ ಕಥೆಗಳಲ್ಲಿ ಹೆಚ್ಚಾಗಿ ಬಂದವು ಆಡಳಿತದ ರೀತಿ, ಮೇಲಧಿಕಾರಿಯ ನಡತೆ, ಸಂಬಳ, ಕೆಲಸದ ಸ್ಥಳ. ಸಂತೋಷದ ಕಥೆಗಳಲ್ಲಿ ಬಂದವು ಸಾಧನೆ, ಮನ್ನಣೆ, ಕೆಲಸದ ಸ್ವಾರಸ್ಯ, ಹೊಣೆಗಾರಿಕೆ. ಎಂದರೆ ನ್ಯಾಯವಾದ ಸಂಬಳ ಮನೆಯ ತಳಪಾಯದಂತೆ. ತಳಪಾಯವಿಲ್ಲದೆ ಮನೆಯಿಲ್ಲ, ತಳಪಾಯವೊಂದೇ ಮನೆಯೂ ಅಲ್ಲ.

ಸೋಲನ್ನು ಹೊರುವವನು

ಮುಖಂಡನೆಂದರೆ ಹೇಗಿರಬೇಕೆಂಬುದಕ್ಕೆ ನಮ್ಮ ಊರಿನಿಂದಲೇ ಎರಡು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊಫೆಸರ್ ಯು. ಆರ್. ರಾವ್ ಅವರು ೧೯೭೨ರಲ್ಲಿ ಭಾರತದ ಮೊದಲ ಉಪಗ್ರಹವನ್ನು ಕಟ್ಟುವ ಹೊಣೆ ಹೊತ್ತು ಬೆಂಗಳೂರಿಗೆ ಬಂದಾಗ, ಅವರಿಗೆ ದೊರೆತದ್ದು ಪೀಣ್ಯದ ಕೆಲವು ಶೆಡ್ಡುಗಳು. ಜೊತೆಗಿದ್ದವರು ಹೆಚ್ಚಾಗಿ ಉಪಗ್ರಹವೊಂದನ್ನು ಎಂದೂ ಕಟ್ಟಿರದ ತರುಣರು. ಆ ತರುಣರ ಕೈಗೇ ಅವರು ನಿಜವಾದ ಹೊಣೆಯನ್ನು ಕೊಟ್ಟರು. ಸುಮಾರು ೩೬೦ ಕಿಲೋ ತೂಕದ ‘ಆರ್ಯಭಟ’ ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನ ಮೇಲೆ ಅಂತರಿಕ್ಷಕ್ಕೆ ಏರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದದ್ದು ನಿಜ. ಆದರೆ ಕಟ್ಟಲು ಕಲಿತ ಕೈಗಳು ಉಳಿದವು. ವಿಮಾನಪುರದ ಬಳಿ ಬೆಳೆದುನಿಂತ ಉಪಗ್ರಹ ಕೇಂದ್ರಕ್ಕೆ ೨೦೧೮ರಿಂದ ಅವರದೇ ಹೆಸರು.

ಇನ್ನೊಬ್ಬರು ಪ್ರೊಫೆಸರ್ ಸತೀಶ್ ಧವನ್. ೧೯೭೯ರ ಆಗಸ್ಟ್ ೧೦ರಂದು ಎಸ್‌ಎಲ್‌ವಿ-೩ ರಾಕೆಟ್ಟಿನ ಮೊದಲ ಹಾರಾಟ ವಿಫಲವಾಯಿತು. ಯೋಜನೆಯ ಮುಖ್ಯಸ್ಥರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತವರು ಧವನ್. ೧೯೮೦ರ ಜುಲೈ ೧೮ರಂದು ಅದೇ ರಾಕೆಟ್ಟು ಗೆದ್ದಾಗ, ‘ಪತ್ರಕರ್ತರ ಹತ್ತಿರ ಇಂದು ನೀವು ಮಾತಾಡಿ’ ಎಂಬ ಅರ್ಥದ ಮಾತು ಹೇಳಿ ಅವರು ಕಲಾಂ ಅವರನ್ನು ಮುಂದಕ್ಕೆ ಕಳಿಸಿದರು. ಇದನ್ನು ಕಲಾಂ ಅವರೇ ಮುಂದೆ ಅನೇಕ ಸಭೆಗಳಲ್ಲಿ ನೆನೆದಿದ್ದಾರೆ. ಸೋತರೆ ತನ್ನ ತಲೆ ಹೋಗುವುದೆಂದು ತಿಳಿದವನು ಹೊಸದನ್ನು ಮುಟ್ಟುವುದಿಲ್ಲ. ಆ ಭಯವನ್ನು ತೆಗೆಯುವುದೇ ಮುಖಂಡನು ಕೊಡಬಹುದಾದ ದೊಡ್ಡ ಕೊಡುಗೆ.

ತಾವು ಮಾಡಬಹುದಾದದ್ದು

ಇದಕ್ಕೆಲ್ಲ ದೊಡ್ಡ ಪದವಿ ಬೇಕಾಗಿಲ್ಲ. ತಮ್ಮ ಜೊತೆ ಕೆಲಸಮಾಡುವ ಒಬ್ಬೊಬ್ಬರನ್ನೂ ಬಿಡುವಿನ ಹೊತ್ತಿನಲ್ಲಿ ಹೀಗೆ ಕೇಳಿ ನೋಡಿ: ‘ಈ ಕೆಲಸದಲ್ಲಿ ನಿಮಗೆ ಹೊತ್ತು ಹೋದದ್ದೇ ತಿಳಿಯದ ಭಾಗ ಯಾವುದು? ಬೇಸರ ತರುವುದು ಯಾವುದು? ಇನ್ನೇನು ಕಲಿಯಬೇಕೆಂದಿದ್ದೀರಿ?’ ಉತ್ತರ ಒಂದೇ ಸಲಕ್ಕೆ ಬರಲಾರದು. ಅಧಿಕಾರಿ ಕೇಳಿದರೆ ಜನ ಅಧಿಕಾರಿಗೆ ಹಿತವಾದದ್ದನ್ನೇ ಹೇಳುತ್ತಾರೆ. ಆದ್ದರಿಂದ ಕಣ್ಣಿನಿಂದಲೂ ನೋಡಬೇಕು. ಯಾರೂ ಹೇಳದಿದ್ದರೂ ಒಬ್ಬನು ಯಾವ ಕೆಲಸಕ್ಕೆ ಕೈ ಹಾಕುತ್ತಾನೋ ಅಲ್ಲಿ ಅವನ ಸೆಲೆ ಇದೆ. ಒಬ್ಬಳಿಗೆ ಲೆಕ್ಕ ಸರಿಹೊಂದಿಸುವುದರಲ್ಲಿ ಸುಖ, ಇನ್ನೊಬ್ಬಳಿಗೆ ಹೊಸಬರಿಗೆ ಕಲಿಸುವುದರಲ್ಲಿ ಸುಖ. ಇಬ್ಬರಿಗೂ ಒಂದೇ ಬಗೆಯ ಬಹುಮಾನ ಹಂಚುವುದು ಸುಲಭ. ಇಬ್ಬರಿಗೂ ತಕ್ಕ ಕೆಲಸ ಹಂಚುವುದು ಮುಖಂಡತನ.

ಎರಡನೆಯದಾಗಿ, ಏನು ಆಗಬೇಕೆಂಬುದನ್ನೂ ಏಕೆಂಬುದನ್ನೂ ಸ್ಪಷ್ಟವಾಗಿ ಹೇಳಿ. ಹೇಗೆಂಬುದನ್ನು ಆದಷ್ಟು ಅವರಿಗೇ ಬಿಡಿ. ಮೂರನೆಯದಾಗಿ, ಮೆಚ್ಚುವಾಗ ಕೆಲಸದ ಹೆಸರು ಹಿಡಿದು ಮೆಚ್ಚಿ. ‘ಭೇಷ್’ ಎಂಬುದಕ್ಕಿಂತ ‘ಆ ಕಾಗದದಲ್ಲಿ ಲೆಕ್ಕವನ್ನು ಎರಡು ಸಲ ನೋಡಿದ್ದರಿಂದ ತಪ್ಪು ಸಿಕ್ಕಿತು’ ಎಂಬ ಮಾತು ಹೆಚ್ಚು ದಿನ ನಿಲ್ಲುತ್ತದೆ. ನಾಲ್ಕನೆಯದಾಗಿ, ಬೇಸರದ ಕೆಲಸ ಎಲ್ಲ ಕಡೆಯೂ ಇರುತ್ತದೆ. ಅದನ್ನು ಬಣ್ಣದ ಮಾತಿನಿಂದ ಮುಚ್ಚದೆ ಸಮನಾಗಿ ಹಂಚಿ, ಸರದಿಯಲ್ಲಿ ತಮ್ಮ ಹೆಸರನ್ನೂ ಸೇರಿಸಿ.

ಕೊನೆಗೆ ತಮ್ಮನ್ನೇ ಕೇಳಿಕೊಳ್ಳಬೇಕಾದ ಮಾತೊಂದುಂಟು: ನಾನು ಈ ಜಾಗದಲ್ಲಿ ಕೂತಿರುವುದು ಏತಕ್ಕೆ? ಕುರ್ಚಿಗಾಗಿಯೋ, ಕೆಲಸಕ್ಕಾಗಿಯೋ? ಕುರ್ಚಿಗಾಗಿ ಕೂತವನಿಗೆ ಕೈಕೆಳಗಿನವನ ಬೆಳವಣಿಗೆ ಭಯ ತರುತ್ತದೆ. ಕೆಲಸಕ್ಕಾಗಿ ಕೂತವನಿಗೆ ಅದೇ ಸಂತೋಷ, ಅದೇ ಸಂಭಾವನೆ. ಜನ ಈ ಭೇದವನ್ನು ಬಹು ಬೇಗ ಕಂಡುಹಿಡಿಯುತ್ತಾರೆ; ಹುಕುಮಿಗೆ ತಲೆಬಾಗುವುದೂ ಹುರುಪಿನಿಂದ ಕೈ ಜೋಡಿಸುವುದೂ ಅದನ್ನು ಅವಲಂಬಿಸಿದೆ.